ಹಣ್ಣಿನೊಡನೆ ಹುದುಗಿಸಿದ ಕಾಫಿ

ಬೆಂಗಳೂರಿನ ಜೆ.ಪಿ. ನಗರದಂಥ ಬಡಾವಣೆಗಳ ಗೃಹಸ್ಥರಿಗೆ ಕಾಫಿಯೆಂದರೆ ಚಿಕೋರಿ ಬೆರೆತ ಪುಡಿ, ಫಿಲ್ಟರಿನಿಂದಿಳಿದ ಡಿಕಾಕ್ಷನ್, ಕಾದ ಹಾಲು. ಈಗ ಹಣ್ಣಿನೊಡನೆ ಹುದುಗಿಸಿದ ಕಾಫಿಯೂ ಮಾರಾಟಕ್ಕೆ ಬಂದಿದೆ. ಅದರ ಬೆಲೆಯೂ ಹೆಚ್ಚು. ಇದರ ಮರ್ಮವೇನು?

ಕಾಫಿಯನ್ನು ಹುದುಗಿಸುವುದು ಹೊಸತಲ್ಲ. ಸಿಪ್ಪೆ ಸುಲಿದ ಬೀಜದ ಲೋಳೆಯನ್ನು ಕಳೆಯಲು ಅದನ್ನು ತೊಟ್ಟಿಯಲ್ಲಿ ಹುದುಗಿಸಿ ತೊಳೆಯುವುದು ನಮ್ಮ ಮಲೆನಾಡಿನ ಹಳೆಯ ಪದ್ಧತಿಯೇ. ಚಿಕ್ಕಮಗಳೂರು ಜಿಲ್ಲೆಯ ಕೆರೆಹಕ್ಲುವಿನಂಥ ಕುಟುಂಬದ ತೋಟಗಳು ಈಚೆಗೆ ಇದರಲ್ಲಿ ಹೊಸ ಪ್ರಯೋಗಗಳನ್ನು ನಡೆಸಿವೆ. ಹಣ್ಣು ಸೇರಿಸುವವರು ಅದನ್ನು ಕಾಫಿಯೊಡನೆ ಗಾಳಿಯಾಡದ ಪೀಪಾಯಿಯಲ್ಲಿಡುವರು. ಹಣ್ಣಿನ ಸಕ್ಕರೆಯನ್ನುಂಡ ಸೂಕ್ಷ್ಮಜೀವಿಗಳು ಆಮ್ಲಗಳನ್ನೂ ಪರಿಮಳವನ್ನೂ ಉಂಟುಮಾಡುವುವು. ಶಾಖವೇರಿದರೆ, ಹೊತ್ತು ಮೀರಿದರೆ ಬೀಜಕ್ಕೆ ಕೆಟ್ಟ ಹುಳಿವಾಸನೆ ತಗಲುವುದು. ಪೀಪಾಯಿಯ ಫಸಲೆಲ್ಲ ನಷ್ಟ. ಬೆಲೆಯ ಒಂದು ಭಾಗ ಈ ಅಪಾಯಕ್ಕೂ ಎಚ್ಚರಕ್ಕೂ ಸಲ್ಲತಕ್ಕದ್ದು.

ಇದು ಕಲಬೆರಕೆಯಲ್ಲವೆ ಎನ್ನುವವರುಂಟು. ಬೆರೆಸಿದುದನ್ನು ಮರೆಮಾಡಿದರೆ ಹಾಗೆನ್ನಬಹುದು. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ನೂರಕ್ಕೆ 51 ಪಾಲಿಗಿಂತ ಕಡಿಮೆಯಿರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ತಿಳಿಸಬೇಕು ಎಂಬ ಕಟ್ಟಳೆ ನಮ್ಮಲ್ಲಿದೆ. ಹಣ್ಣಿನ ಹೆಸರೂ ಹಾಗೆಯೇ ಕಾಣಲಿ. ಕೊಳ್ಳುವ ಮುನ್ನ, ಸೇರಿಸಿದುದು ಹಣ್ಣೋ ಬರಿಯ ಸುಗಂಧದ್ರವ್ಯವೋ ಎಂದು ವಿಚಾರಿಸಿರಿ. ಮೊದಲ ಬಟ್ಟಲನ್ನು ಹಾಲಿಲ್ಲದೆ ಕುಡಿದು ನೋಡಿರಿ. ಹಾಲು ಬೆರೆತರೆ ಆ ನವಿರಾದ ಪರಿಮಳ ಅಡಗಿಹೋಗುವುದು.