ಮೊರೇರ ಬೆಟ್ಟದ ಕಲ್ಮನೆಗಳ ನಡುವೆ ಒಂದು ಹಗಲು

ಹಂಪಿಗೆ ಬರುವ ಸಾವಿರಾರು ಕುಟುಂಬಗಳಲ್ಲಿ ಹಿರೇಬೆಣಕಲ್‌ನತ್ತ ವಾಹನ ತಿರುಗಿಸುವವರು ವಿರಳ. ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದ ಈ ಊರಿನ ಬೆಟ್ಟದ ಮೇಲಿರುವುದು ವಿಜಯನಗರಕ್ಕಿಂತ ಸಾವಿರದೈನೂರು ವರ್ಷಗಳಿಗೂ ಮಿಗಿಲು ಹಳೆಯದಾದ ಲೋಕ. ಸ್ಥಳೀಯರು ಇದನ್ನು ಮೊರೇರ ಬೆಟ್ಟವೆಂದೂ, ಮೇಲಿನ ಕಲ್ಲಿನ ರಚನೆಗಳನ್ನು ಮೊರೇರ ಮನೆಗಳೆಂದೂ ಕರೆಯುತ್ತಾರೆ. ಮೊರೇರು ಕುಳ್ಳ ಜನರಾಗಿದ್ದರೆಂಬುದು ಜನಪದರ ನಂಬಿಕೆ.

ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ, ಬುತ್ತಿ ಕಟ್ಟಿಕೊಂಡು ಕುಟುಂಬ ಸಮೇತ ಬೆಟ್ಟ ಹತ್ತಿದೆವು. ಬಂಡೆಗಳ ನಡುವಣ ಕಾಲುದಾರಿ ಮಕ್ಕಳಿಗೆ ಆಟ, ಹಿರಿಯರಿಗೆ ಪರೀಕ್ಷೆ. ಮೇಲೇರಿದಾಗ ಕಂಡ ನೋಟಕ್ಕೆ ದಣಿವು ಮರೆಯಿತು. ಸುತ್ತ ನಿಲ್ಲಿಸಿದ ಕಲ್ಲು ಚಪ್ಪಡಿಗಳು, ಮೇಲೊಂದು ಚಪ್ಪಡಿಯ ಸೂರು, ಕೆಲವಕ್ಕೆ ಎದುರಿನ ಕಲ್ಲಿನಲ್ಲಿ ದುಂಡನೆಯ ಕಿಂಡಿ. ದೊಡ್ಡವು ಆಳೆತ್ತರವನ್ನೂ ಮೀರಿದ್ದರೆ, ಚಿಕ್ಕವು ಮೊಣಕಾಲುದ್ದ. ಕಿಂಡಿಯೊಳಗೆ ತಲೆ ತೂರಿಸಿದ ನಮ್ಮ ಹುಡುಗ, ‘ಇದರಾಗ ಯಾರಿದ್ರು?’ ಎಂದು ಕೇಳಿದ.

ಯಾರೂ ವಾಸವಾಗಿರಲಿಲ್ಲ. ಇವು ಸತ್ತವರಿಗಾಗಿ ಕಟ್ಟಿದ ಸ್ಮಾರಕಗಳು. ವಿದ್ವಾಂಸರು ಬೃಹತ್ ಶಿಲಾ ಸಂಸ್ಕೃತಿ ಎಂದು ಕರೆಯುವ ಕಾಲದ, ಸರಿಸುಮಾರು ಕ್ರಿ.ಪೂ. 800ರಿಂದ 200ರ ನಡುವಿನ, 400ರಷ್ಟು ರಚನೆಗಳು ಇಲ್ಲಿವೆ. ಕಬ್ಬಿಣದ ಬಳಕೆ ಬಲ್ಲ ಆ ಜನ ಬರೆದಿಟ್ಟ ಒಂದಕ್ಷರವೂ ಇಲ್ಲ. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್, 19ನೆಯ ಶತಮಾನದಲ್ಲಿಯೇ ಈ ಸೀಮೆಯ ಇಂಥ ಸಮಾಧಿಗಳ ಬಗ್ಗೆ ಬರೆದಿದ್ದಾನೆ.

ಸಮಾಧಿಯೆಂದು ತಿಳಿದೊಡನೆ ನಮ್ಮ ದೊಡ್ಡವ್ವ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು. ‘ಸುಡುಗಾಡಿನಾಗ ಉಣ್ತಾರೇನು?’ ಎಂದು, ಬಿಚ್ಚಿದ್ದ ಬುತ್ತಿಯನ್ನೂ ಕಟ್ಟಿಸಿದಳು. ಹೀಗಾಗಿ ಊಟ ಕೆರೆಯ ದಂಡೆಗೆ ವರ್ಗವಾಯಿತು.

ಆ ಕೆರೆಯೂ ನೋಡತಕ್ಕದ್ದೇ. ಗೋರಿಗಳಿಗೆ ಬೇಕಾದ ಚಪ್ಪಡಿಗಳನ್ನು ಎಬ್ಬಿಸಿದ ಕಲ್ಲುಗಣಿಯೇ ಮಳೆನೀರು ನಿಂತು ಕೆರೆಯಾಗಿದೆ. ಬೆಟ್ಟದ ಬಂಡೆ ಪದರು ಪದರಾಗಿ ಏಳುವ ಗುಣದ್ದು. ಆ ಪದರುಗಳನ್ನೇ ಬಿಡಿಸಿ, ಅಂಚು ಒಡೆದು ಹದಗೊಳಿಸಿ ನಿಲ್ಲಿಸಿದ್ದಾರೆ. ಟನ್‌ಗಟ್ಟಲೆ ಭಾರದ ಸೂರುಗಲ್ಲನ್ನು ಮೇಲೇರಿಸಲು ಒಂದು ಮನೆಯವರ ರಟ್ಟೆಬಲ ಸಾಲದು, ಊರೇ ಕೈಹಚ್ಚಿರಬೇಕು. ಸತ್ತವರಿಗಾಗಿ ತೋಡಿದ ಕುಳಿ ಇದ್ದವರಿಗೆ ನೀರು ಕೊಟ್ಟಿರಲೂಬಹುದೆಂಬುದು ನನ್ನ ಊಹೆ.

ಎತ್ತರದ ಬಂಡೆಯೊಂದರ ಮೇಲೆ ಅರ್ಧಗೋಳಾಕಾರದ ಕಲ್ಲಿದೆ. ಬಡಿದರೆ ನಗಾರಿಯಂತೆ ಮೊಳಗುವ ಈ ಕಲ್ಲಿನ ದನಿ ಬಲು ದೂರ ಕೇಳುತ್ತದಂತೆ. ನಾವು ಬಡಿಯಲಿಲ್ಲ. ಬಂದವರೆಲ್ಲ ಒಂದೊಂದು ಪೆಟ್ಟು ಕೊಟ್ಟರೆ ಅದು ಎಷ್ಟು ದಿನ ತಾಳೀತು? ಅಲ್ಲಿನ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಪ್ರಾಚೀನ ಚಿತ್ರಗಳೂ ಉಂಟು. ಅವನ್ನೂ ಕಣ್ಣಿನಿಂದಷ್ಟೇ ನೋಡಬೇಕು.

2021ರಲ್ಲಿ ಈ ತಾಣ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಆದರೆ ಬೆಟ್ಟದ ಮೇಲೆ ಹಲವು ಕಲ್ಮನೆಗಳು ಕುಸಿದು ಬಿದ್ದಿವೆ. ಕೆಲವು ಕಾಲನ ಹೊಡೆತಕ್ಕೆ ಸಿಕ್ಕಿದವು. ನಿಧಿಯಾಸೆಗೆ ಅಗೆದವರ ಕೈವಾಡವೂ ಇದೆ. ಇಲ್ಲಿ ಹೊನ್ನು ಹುಗಿದ ಅರಸರಾರೂ ಇರಲಿಲ್ಲವೆಂದು ಅಂಥವರಿಗೆ ಹೇಳುವವರು ಯಾರು? ಚಪ್ಪಡಿ ಒಮ್ಮೆ ಉರುಳಿದರೆ ಅದು ಯಾವ ಗೋರಿಗೆ ಸೇರಿದ್ದು, ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬ ಸುಳಿವೂ ಅದರೊಡನೆ ಅಳಿಯುತ್ತದೆ. ಅಕ್ಷರವಿಲ್ಲದ ಜನರ ವಿಷಯದಲ್ಲಿ ಉಳಿದಿರುವುದು ಇಂಥ ಸುಳಿವುಗಳೇ.

ಹೋಗಬಯಸುವವರು ಊರಿನ ಯಾರಾದರೊಬ್ಬರನ್ನು ದಾರಿ ತೋರಿಸಲು ಕರೆದೊಯ್ಯುವುದು ಒಳಿತು. ಬೆಟ್ಟದ ಮೇಲೆ ಅಂಗಡಿಯಾಗಲಿ ಹೋಟೆಲಾಗಲಿ ಇಲ್ಲ. ಕುಡಿಯುವ ನೀರು ಧಾರಾಳವಾಗಿರಲಿ. ಬೇಸಿಗೆಯಲ್ಲಿ ಬಂಡೆ ಕಾದ ಹಂಚಾಗುವುದರಿಂದ ನವೆಂಬರಿನಿಂದ ಫೆಬ್ರುವರಿಯವರೆಗಿನ ಅವಧಿ ಸೂಕ್ತ. ಈ ಭಾಗದ ಗುಡ್ಡಗಳಲ್ಲಿ ಕರಡಿ, ಚಿರತೆಗಳ ಓಡಾಟವಿದೆ. ಬೆಳಿಗ್ಗೆಯೇ ಹತ್ತಿ, ಹೊತ್ತು ಮುಳುಗುವ ಮೊದಲು ಊರು ಸೇರಬೇಕು.