ಬಾಳೆಹೊನ್ನೂರಿನ ತಳಿ, ತಾರ್ನಾಕದ ಪುಡಿ

ಇರಾನಿ ಚಹಾದ ಹೈದರಾಬಾದಿನಲ್ಲಿ ಫಿಲ್ಟರ್ ಕಾಫಿಯವರು ಅಲ್ಪಸಂಖ್ಯಾತರು. ಆದರೂ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಿನ ತಾರ್ನಾಕದಲ್ಲಿ, ನೌಕರಿಗೆಂದು ಬಂದು ಇಲ್ಲೇ ಉಳಿದ ಕನ್ನಡಿಗರ ಮನೆಗಳಲ್ಲಿ ಡಿಕಾಕ್ಷನ್ ಇಳಿಯದೆ ಬೆಳಗಾಗುವುದಿಲ್ಲ. ಪುಡಿ ಕೊಳ್ಳುವಾಗ ಕೇಳುವ ಹೆಸರುಗಳು ನಾಲ್ಕೈದು: ಪ್ಲಾಂಟೇಷನ್ ಎ, ಪೀಬೆರಿ, ರೋಬಸ್ಟಾ ಚೆರಿ, ಜೊತೆಗೆ ಚಿಕೋರಿ. ಇವೆಲ್ಲ ಕಾಫಿಯ ತಳಿಗಳೆಂದೇ ಬಹಳ ಜನ ನಂಬಿದ್ದಾರೆ, ಆದರೆ ಹಾಗಲ್ಲ.

ಕಾಫಿಯ ಮುಖ್ಯ ಜಾತಿಗಳು ಅರೇಬಿಕಾ, ರೋಬಸ್ಟಾ. ಹಣ್ಣಾದ ಅರೇಬಿಕಾವನ್ನು ಕಿತ್ತ ದಿನವೇ ಪಲ್ಪರ್‌ಗೆ ಹಾಕಿ, ಸಿಪ್ಪೆ ತೆಗೆದು, ತೊಳೆದು ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅದರ ಹೊಟ್ಟು ಬಿಡಿಸಿದ ಮೇಲೆ ಬರುವ ಬೀಜಕ್ಕೆ ಪ್ಲಾಂಟೇಷನ್ ಎಂದು ಹೆಸರು. ಎ, ಬಿ, ಸಿ ಎಂಬುದು ಜರಡಿಯ ಲೆಕ್ಕ, ದಪ್ಪ ಬೀಜ ಎ. ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದರೆ ಚೆರಿ. ಒಂದು ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ಗುಂಡಗೆ ಬೆಳೆದರೆ ಪೀಬೆರಿ. ಅದು ಯಾವ ಗಿಡದಲ್ಲಾದರೂ ಸಿಗುತ್ತದೆ. ಪೀಬೆರಿಗೆ ರುಚಿ ಹೆಚ್ಚು ಎಂಬ ಮಾತಿನಲ್ಲಿ ವ್ಯಾಪಾರಿಗಳ ಉತ್ಸಾಹದ ಪಾಲೇ ದೊಡ್ಡದೆಂದು ನನ್ನ ಅನುಮಾನ.

ತಳಿಯ ಸಂಗತಿ ತಿಳಿಯಬೇಕಾದರೆ ಭದ್ರಾ ದಡದ ಬಾಳೆಹೊನ್ನೂರಿಗೆ ಹೋಗಬೇಕು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಅಲ್ಲಿನ ಕಾಫಿಯನ್ನೇ ಅಳಿಸಿ ಚಹಾಕ್ಕೆ ಜಾಗ ಮಾಡಿಕೊಟ್ಟಿತ್ತು. ಮಲೆನಾಡಿನ ತೋಟಗಳನ್ನೂ ಅದು ಬಿಡಲಿಲ್ಲ. ಮೈಸೂರು ಸರ್ಕಾರ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕ ತೆರೆಯಿತು. ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ನೆಲೆಗೊಂಡಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಎಲೆತುಕ್ಕಿನ ಶಿಲೀಂಧ್ರದಲ್ಲಿ ಹಲವು ಬಗೆಗಳಿವೆ, ಒಂದನ್ನು ತಡೆದ ಗಿಡ ಇನ್ನೊಂದಕ್ಕೆ ಬಲಿಯಾಗಬಹುದು ಎಂಬುದನ್ನು 1930ರ ದಶಕದಲ್ಲಿ ಜಗತ್ತಿಗೆ ತೋರಿಸಿಕೊಟ್ಟವರು ಇಲ್ಲಿನ ಮೇನ್ ಎಂಬ ವಿಜ್ಞಾನಿ.

ಇಲ್ಲಿಂದ ಹೊರಬಿದ್ದ ತಳಿಗಳಲ್ಲಿ ದೊಡ್ಡ ಹೆಸರು ಎಸ್.795. ಲೈಬೀರಿಕಾ ಎಂಬ ಇನ್ನೊಂದು ಕಾಫಿ ಜಾತಿಯ ರಕ್ತವಿದ್ದ ಎಸ್.288 ಎಂಬ ಗಿಡಕ್ಕೆ ಮಲೆನಾಡಿನ ಕೆಂಟ್ಸ್ ಅರೇಬಿಕಾವನ್ನು ಕೂಡಿಸಿ ಪಡೆದ ಈ ತಳಿ 1940ರ ದಶಕದಲ್ಲಿ ಬೆಳೆಗಾರರ ಕೈಸೇರಿತು. ತುಕ್ಕಿಗೆ ಈಗ ಮೊದಲಿನಷ್ಟು ಜಗ್ಗದೆ ನಿಲ್ಲುವುದಿಲ್ಲ, ಆದರೂ ಬಟ್ಟಲಿನಲ್ಲಿ ಅದರ ಘಮವನ್ನು ಮೀರಿಸುವುದು ಕಷ್ಟ. ಇಥಿಯೋಪಿಯಾದ ಗಿಡವನ್ನು ತಿಮೋರ್ ಹೈಬ್ರಿಡ್ ಜೊತೆ ಕೂಡಿಸಿದ ಸೆಲೆಕ್ಷನ್ 9, ಗಿಡ್ಡಗೆ ಬೆಳೆಯುವ ಕಾವೇರಿ, 2007ರಲ್ಲಿ ಬಂದ ಚಂದ್ರಗಿರಿ, ರೋಬಸ್ಟಾ ಕಡೆ ಸಿ ಇಂಟು ಆರ್, ಇವೆಲ್ಲ ಅದೇ ಮನೆಯ ಮಕ್ಕಳು. ತಾರ್ನಾಕದವರು ಹೆಮ್ಮೆಯಿಂದ ಕೊಳ್ಳುವ ಅರಕು ಕಾಫಿಗೂ ಈ ನಂಟಿದೆ: ಆಂಧ್ರದ ಗಿರಿಜನ ಬೆಳೆಗಾರರಿಗಾಗಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವೊಂದು ಅಲ್ಲಿನ ಘಟ್ಟದಲ್ಲೇ ಕೆಲಸ ಮಾಡುತ್ತಿದೆ. 2019ರಲ್ಲಿ ಅರಕು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೊಡಗು ಅರೇಬಿಕಾಗಳಿಗೆ, ವಯನಾಡು ರೋಬಸ್ಟಾಕ್ಕೆ ಒಟ್ಟಿಗೆ ಭೌಗೋಳಿಕ ಗುರುತು ಸಿಕ್ಕಿತು.

ಅರೇಬಿಕಾಕ್ಕೆ ಸಾವಿರ ಮೀಟರಿಗೂ ಎತ್ತರದ ತಂಪು, ದಟ್ಟ ನೆರಳು ಬೇಕು. ಬಿಳಿ ಕಾಂಡಕೊರಕ ಹೊಕ್ಕರೆ ಗಿಡವನ್ನೇ ಕಿತ್ತು ಸುಡಬೇಕು. ರೋಬಸ್ಟಾ ಗಟ್ಟಿ ಜೀವ, ತಗ್ಗಿನಲ್ಲೂ ಬೆಳೆಯುತ್ತದೆ. ದೇಶದ ಸುಮಾರು ಮೂರೂವರೆ ಲಕ್ಷ ಟನ್ ಬೆಳೆಯಲ್ಲಿ ಹತ್ತಕ್ಕೆ ಏಳು ಪಾಲು ಈಗ ಅದೇ.

ಇನ್ನು ದರ. 1942ರ ಕಾಯ್ದೆಯ ನಂತರ ಬೆಳೆಗಾರ ತನ್ನ ಫಸಲನ್ನು ಕಾಫಿ ಮಂಡಳಿಯ ಸಾಮೂಹಿಕ ಮಾರಾಟದ ಪೂಲ್‌ಗೆ ಒಪ್ಪಿಸಿ ಹಣಕ್ಕೆ ಕಾಯಬೇಕಿತ್ತು. 1996ರ ಹೊತ್ತಿಗೆ ಆ ಕಟ್ಟು ಪೂರ್ತಿ ಬಿಚ್ಚಿತು. ಈಗ ಅರೇಬಿಕಾಕ್ಕೆ ನ್ಯೂಯಾರ್ಕ್, ರೋಬಸ್ಟಾಕ್ಕೆ ಲಂಡನ್ ಮಾರುಕಟ್ಟೆಯೇ ದಿಕ್ಕು. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬರ ಬಿದ್ದು, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ದರ ಪೌಂಡಿಗೆ 4 ಡಾಲರ್ ದಾಟಿತು. ನಮ್ಮ ದೇಶದಲ್ಲಿ 50 ಕಿಲೋ ಮೂಟೆ ಅರೇಬಿಕಾ ಪಾರ್ಚ್‌ಮೆಂಟ್ 25 ಸಾವಿರ ರೂಪಾಯಿಯನ್ನೂ ರೋಬಸ್ಟಾ ಚೆರಿ 10 ಸಾವಿರವನ್ನೂ ಮೀರಿತು. ಕೆಲವೇ ವರ್ಷಗಳ ಹಿಂದೆ ಇದೇ ಚೆರಿ ನಾಲ್ಕು ಸಾವಿರ ಮುಟ್ಟಲು ತಿಣುಕುತ್ತಿತ್ತು.

ಆ ದರವನ್ನೇ ಹಿಡಿದು ಲೆಕ್ಕ ಹಾಕಿ. ಒಂದು ಮೂಟೆ ಪಾರ್ಚ್‌ಮೆಂಟಿನ ಔಟ್‌ಟರ್ನ್, ಅಂದರೆ ಕೈಗೆ ಬರುವ ಹಸಿರು ಬೀಜ, ಸುಮಾರು 40 ಕಿಲೋ. ಹುರಿದಾಗ ಆರರಲ್ಲಿ ಒಂದು ಪಾಲು ಆವಿ. ಅಲ್ಲಿಗೆ ಹುರಿದ ಬೀಜದ ಅಸಲೇ ಕಿಲೋಗೆ 750 ರೂಪಾಯಿ. ಸಾಗಣೆ, ಬಾಡಿಗೆ, ಲಾಭ ಇನ್ನೂ ಸೇರಿಲ್ಲ. ಚೆರಿ ಮೂಟೆಯಲ್ಲಿ ಸಿಗುವುದು 26-27 ಕಿಲೋ ಬೀಜ ಮಾತ್ರ, ಹುರಿದ ಮೇಲೆ ಅದರ ಅಸಲು ಕಿಲೋಗೆ 450ರ ಆಸುಪಾಸು. ಈ ಅಸಲಿಗೂ ಕೊಳ್ಳುವವರ ಜೇಬಿಗೂ ನಡುವಿನ ಕಂದಕವನ್ನು ಮುಚ್ಚುವುದು ಗುಜರಾತ್, ಉತ್ತರ ಪ್ರದೇಶಗಳಿಂದ ಬರುವ ಅಗ್ಗದ ಚಿಕೋರಿ, ಕಾಫಿಯೇ ಅಲ್ಲದ ಒಂದು ಬೇರಿನ ಪುಡಿ. ಕಾನೂನಿನಂತೆ ಅದು ನೂರಕ್ಕೆ 49ರವರೆಗೂ ಇರಬಹುದು, ಆದರೆ ಪ್ರಮಾಣವನ್ನು ಪೊಟ್ಟಣದ ಮೇಲೆ ಕಾಣಿಸಲೇಬೇಕು.

ತಾರ್ನಾಕದಲ್ಲೇ ಇರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮಿತಿ ಹಾಕಿದೆ, ಊಟದ ಹಿಂದುಮುಂದಿನ ಒಂದು ಗಂಟೆ ಕಾಫಿ ಬೇಡ ಎಂದಿದೆ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಇಮ್ಮಡಿ, ಬ್ಲೆಂಡ್ ಆರಿಸುವಾಗ ಅದೂ ನೆನಪಿರಲಿ. ಹುರಿದ ದಿನಾಂಕ, ಚಿಕೋರಿಯ ಪ್ರಮಾಣ ಎರಡನ್ನೂ ಕೇಳಿಯೇ ಕೊಳ್ಳಿ. ಮೂಟೆಯ ದರ ಆ ಮಟ್ಟದಲ್ಲಿರುವಾಗ ಕಿಲೋಗೆ 500 ರೂಪಾಯಿಗೆ ಯಾರಾದರೂ ಶುದ್ಧ ಅರೇಬಿಕಾ ಕೊಡುತ್ತೇನೆಂದರೆ ನಂಬಬೇಡಿ.