ಮೆದುಳು ಜ್ವರದ ಲೆಕ್ಕ ತಪ್ಪುವುದೆಲ್ಲಿ

ಒಂದು ಜಿಲ್ಲೆಯಲ್ಲಿ ಎರಡು ಮೂರು ವರ್ಷ ಮೆದುಳು ಜ್ವರದ ರೋಗಿಗಳು ಕಾಣಿಸದಿದ್ದರೆ, ಸದ್ಯ ಕಾಯಿಲೆ ತೊಲಗಿತು ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಸಿಡುಬು, ಪೋಲಿಯೊಗಳಿಂದ ಕಲಿತ ಲೆಕ್ಕ ಅದು. ಸೊಳ್ಳೆಯಿಂದ ಬರುವ ಜೆಇ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್‌ಗೆ ಆ ಲೆಕ್ಕ ಹೊಂದುವುದಿಲ್ಲ. ಈ ಕಾಯಿಲೆ ಯಾವ ದೇಶದ ಹೆಸರು ಹೊತ್ತಿದೆಯೋ ಆ ದೇಶವನ್ನೇ ನೋಡಿ. 1924ರಲ್ಲಿ ಜಪಾನಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಇದಕ್ಕೆ ತುತ್ತಾಗಿದ್ದರು. ಈಗ ಅಲ್ಲಿ ವರ್ಷಕ್ಕೆ ಹತ್ತರ ಆಸುಪಾಸಿನಲ್ಲಿ ರೋಗಿಗಳು ಸಿಕ್ಕರೆ ಹೆಚ್ಚು. ಆದರೂ ಬೇಸಿಗೆಯಲ್ಲಿ ಹಂದಿಗಳ ರಕ್ತ ಪರೀಕ್ಷಿಸಿದಾಗ ಸೋಂಕಿನ ಗುರುತು ಇಂದಿಗೂ ಧಾರಾಳವಾಗಿ ಸಿಗುತ್ತದೆ. ವೈರಸ್ ಊರು ಬಿಟ್ಟಿಲ್ಲ. ಮಕ್ಕಳಿಗೆ ಲಸಿಕೆ ಬಿದ್ದಿದೆ, ಅಷ್ಟೇ.

ಹೀಗೇಕೆ ಎಂದು ತಿಳಿಯಲು ನಾಟಿ ಮುಗಿದ ಗದ್ದೆಗೆ ಇಳಿಯಬೇಕು. ಪೈರು ಇನ್ನೂ ಗೇಣುದ್ದ, ಸಾಲುಗಳ ನಡುವೆ ಬಿಸಿಲು ನೇರವಾಗಿ ನೀರಿಗೆ ಬೀಳುತ್ತಿರುತ್ತದೆ. ಈ ಕಾಯಿಲೆ ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ. ಮೊಟ್ಟೆಗಳನ್ನು ಒಂದಕ್ಕೊಂದು ಅಂಟಿಸಿ ಪುಟ್ಟ ತೆಪ್ಪದಂತೆ ನೀರಿನ ಮೇಲೆ ತೇಲಿಬಿಡುತ್ತದೆ. ಪೈರು ಬೆಳೆದು ನೆರಳು ಕಟ್ಟುವ ಹೊತ್ತಿಗೆ ಸೊಳ್ಳೆಯ ಮರಿಹುಳುಗಳ ಸಂಖ್ಯೆ ಇಳಿಯುತ್ತದೆ, ಅಷ್ಟರಲ್ಲಿ ಒಂದು ತಲೆಮಾರಿನ ಸೊಳ್ಳೆಗಳು ರೆಕ್ಕೆ ಬಲಿತು ಹಾರಿರುತ್ತವೆ. ಅದೇ ಗದ್ದೆಗೆ ಮೇಯಲು ಬರುವ ಬೆಳ್ಳಕ್ಕಿ, ಬಕಗಳ ಮೈಯಲ್ಲಿ ವೈರಸ್ ಇರುತ್ತದೆ. ಪಕ್ಕದ ಊರಿನ ಹಂದಿಗೆ ಸೊಳ್ಳೆಯ ಮೂಲಕ ಅದು ದಾಟಿದರೆ ರಕ್ತದಲ್ಲಿ ನೂರ್ಮಡಿಯಾಗುತ್ತದೆ, ಆದರೆ ಹಂದಿ ಸಾಮಾನ್ಯವಾಗಿ ಆರಾಮಾಗಿ ತಿರುಗಾಡಿಕೊಂಡೇ ಇರುತ್ತದೆ. ಮುಸ್ಸಂಜೆಯಿಂದ ಕಚ್ಚುವ ಸೊಳ್ಳೆ ಅದನ್ನು ಹೀರಿ ಅಂಗಳದಲ್ಲಿ ಆಡುತ್ತಿರುವ ಮಗುವಿಗೆ ಚುಚ್ಚುತ್ತದೆ.

ಮಗುವಿನಲ್ಲಿ ಈ ದಾರಿ ಮುಗಿದುಹೋಗುತ್ತದೆ. ಇನ್ನೊಂದು ಸೊಳ್ಳೆಗೆ ದಾಟಿಸುವಷ್ಟು ವೈರಸ್ ಮನುಷ್ಯರ ರಕ್ತದಲ್ಲಿ ಬೆಳೆಯುವುದಿಲ್ಲ. ಡೆಂಗಿ ಮನುಷ್ಯರಿಂದ ಸೊಳ್ಳೆಗೆ, ಸೊಳ್ಳೆಯಿಂದ ಮನುಷ್ಯರಿಗೆ ಸುತ್ತುತ್ತದೆ, ಇದು ಹಾಗಲ್ಲ. ಕೇಳಲು ಸಮಾಧಾನದ ಮಾತು, ಆದರೆ ಅಪಾಯ ಇಲ್ಲೇ ಇದೆ. ದಡಾರದಲ್ಲಾದರೆ ಊರಿನ ಬಹುಪಾಲು ಮಕ್ಕಳು ಲಸಿಕೆ ಪಡೆದಾಗ ಉಳಿದವರಿಗೂ ಅದರ ನೆರಳು ಸಿಗುತ್ತದೆ. ಇಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಮಕ್ಕಳು ಹಾಕಿಸಿಕೊಂಡರೂ ಬಿಟ್ಟುಹೋದ ಒಂದು ಮಗುವಿನ ಅಪಾಯ ಎಳ್ಳಷ್ಟೂ ತಗ್ಗುವುದಿಲ್ಲ. ರೋಗಿಗಳ ಸಂಖ್ಯೆಯೂ ಬೇರೆಯೇ ಕಥೆ ಹೇಳುತ್ತದೆ. ಸುಮಾರು 250 ಸೋಂಕುಗಳಲ್ಲಿ ಒಂದು ಮಾತ್ರ ಮೆದುಳಿಗೇರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಉಳಿದವು ಗೊತ್ತಾಗದೆ ಕಳೆಯುತ್ತವೆ. ಏರಿದರೆ ಮಾತ್ರ ನೂರಕ್ಕೆ ಮೂವತ್ತರವರೆಗೂ ಸಾವು. ಬದುಕುಳಿದವರಲ್ಲೂ ಹಲವರಿಗೆ ಫಿಟ್ಸ್, ಕೈಕಾಲು ಸ್ವಾಧೀನವಿಲ್ಲದಿರುವುದು, ಮಾತು ನಿಲ್ಲುವುದು. ವೈರಸ್ಸನ್ನೇ ಕೊಲ್ಲುವ ಔಷಧಿ ಇದಕ್ಕಿಲ್ಲ.

ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1955ರಲ್ಲಿ, ವೆಲ್ಲೂರಿನಲ್ಲಿ. 1973ರಲ್ಲಿ ಬಂಗಾಳದ ಬಾಂಕುರಾ, ಬರ್ದ್ವಾನ್‌ಗಳಲ್ಲಿ ದೊಡ್ಡ ಪಿಡುಗಾಯಿತು. ಆ ದಶಕ ಮುಗಿಯುವ ಹೊತ್ತಿಗೆ ಕೋಲಾರ, ಮಂಡ್ಯಗಳಲ್ಲೂ ಕಾಣಿಸಿಕೊಂಡಿತ್ತು. 2005ರಲ್ಲಿ ಗೋರಖಪುರದ ಸುತ್ತ ಸಾವಿರಕ್ಕೂ ಹೆಚ್ಚು ಸಾವುಗಳಾದ ಮೇಲೆ, 2006ರಲ್ಲಿ ಲಸಿಕೆ ಅಭಿಯಾನ ಶುರುವಾಯಿತು. ಕರ್ನಾಟಕವೂ ಆ ಮೊದಲ ಸುತ್ತಿನಲ್ಲಿತ್ತು. ನಮ್ಮ ಪಾಲು ಇನ್ನೊಂದಿದೆ. 1980ರ ದಶಕದ ಆರಂಭದಲ್ಲಿ ಕೋಲಾರದ ರೋಗಿಯೊಬ್ಬರಿಂದ ಬೇರ್ಪಡಿಸಿದ ವೈರಸ್ಸೇ 2013ರಲ್ಲಿ ಬಿಡುಗಡೆಯಾದ ದೇಶೀ ಲಸಿಕೆ ಜೆನ್ವ್ಯಾಕ್‌ನ ಮೂಲ. ಹೀಗಿದ್ದರೂ, 2022ರ ಡಿಸೆಂಬರ್‌ನಲ್ಲಿ ರಾಜ್ಯ ಇನ್ನೂ ಹತ್ತು ಜಿಲ್ಲೆಗಳಲ್ಲಿ ಅಭಿಯಾನ ನಡೆಸಬೇಕಾಯಿತು. ಅದರಲ್ಲಿ ಉಡುಪಿ, ದಕ್ಷಿಣ ಕನ್ನಡ, ಹಾಸನ, ಯಾದಗಿರಿಗಳೂ ಇದ್ದವು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ, ಅಲ್ಲಿಯವರೆಗೆ ಉತ್ತರದ ತುತ್ತತುದಿಯಲ್ಲಷ್ಟೇ ಕಂಡಿದ್ದ ವೈರಸ್ ಭಾರೀ ಮಳೆಯ ಬೆನ್ನಿಗೆ ದಕ್ಷಿಣದ ರಾಜ್ಯಗಳಿಗಿಳಿದು 80ಕ್ಕೂ ಹೆಚ್ಚು ಹಂದಿ ಸಾಕಣೆ ಕೇಂದ್ರಗಳನ್ನು ಹೊಕ್ಕಿತು. ಮೊದಲ ಸುಳಿವು ಕೊಟ್ಟದ್ದು ಸತ್ತು ಹುಟ್ಟಿದ ಹಂದಿಮರಿಗಳು.

ಇಷ್ಟು ವಿರಳ ಕಾಯಿಲೆಗೆ ಇಷ್ಟೊಂದು ಮಕ್ಕಳಿಗೆ ಸೂಜಿಯೇಕೆ, ಸೊಳ್ಳೆ ಕೊಂದರಾಗದೇ, ಹಂದಿ ಓಡಿಸಿದರಾಗದೇ ಎಂದು ಕೇಳುವವರಿದ್ದಾರೆ. ಬೀದಿಯಲ್ಲಿ ಫಾಗಿಂಗ್ ಮಾಡಿದರೆ ಹೊಗೆ ಕಾಣುತ್ತದೆ, ಎಕರೆಗಟ್ಟಲೆ ಗದ್ದೆಯ ನೀರಿನಲ್ಲಿರುವ ಹುಳುವಿಗೆ ಅದು ತಟ್ಟುವುದಿಲ್ಲ. ಹಂದಿ ಸಾಕಣೆಯನ್ನೇ ನಿಲ್ಲಿಸಿದ ಸಿಂಗಪುರದಲ್ಲೂ ಹಕ್ಕಿ, ಕಾಡುಹಂದಿಗಳಲ್ಲಿ ಸೋಂಕಿನ ಗುರುತು ಸಿಕ್ಕಿದೆ. ಗದ್ದೆಯನ್ನು ಆಗಾಗ ಒಣಗಿಸಿ ನೀರು ಹಾಯಿಸಿದರೆ ಸೊಳ್ಳೆ ಕಡಿಮೆಯಾಗುವುದು ನಿಜ. ಆದರೆ ನಾಲೆಯ ಕೊನೆಯಂಚಿನ ರೈತನಿಗೆ, ಬಂದ ನೀರನ್ನು ಬಿಟ್ಟು ಮತ್ತೆ ಬರುತ್ತದೆಂದು ಕಾಯುವ ಧೈರ್ಯ ಎಲ್ಲಿಂದ ಬರಬೇಕು? ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಗೋರಖಪುರದಲ್ಲಿ ಲಸಿಕೆ ಬಂದ ಮೇಲೂ ಮಕ್ಕಳು ಮೆದುಳಿನ ಉರಿಯೂತದಿಂದ ಆಸ್ಪತ್ರೆ ಸೇರುತ್ತಲೇ ಇದ್ದರು, ಹುಡುಕಿದಾಗ ಬಹುಪಾಲು ಸ್ಕ್ರಬ್ ಟೈಫಸ್ ಎಂದು ಗೊತ್ತಾಯಿತು. ಅದು ನುಸಿಯ ಮರಿಹುಳುವಿನಿಂದ ಬರುವ ಬ್ಯಾಕ್ಟೀರಿಯಾ ಸೋಂಕು, ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಮಾತ್ರೆಗೆ ಬಗ್ಗುತ್ತದೆ. ಇದನ್ನು ಲಸಿಕೆಯ ಸೋಲೆಂದು ಓದುವವರಿದ್ದಾರೆ. ನನಗೆ ಕಾಣುವುದು ಇಷ್ಟು: ಬೆನ್ನುಹುರಿಯ ದ್ರವದ ಪರೀಕ್ಷೆ ಮಾಡದೆ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಎಣಿಸಿದರೆ, ಗುಣಪಡಿಸಬಹುದಾದ ಮಗುವೂ ಕೈತಪ್ಪುತ್ತದೆ.

ನಮ್ಮ ವ್ಯವಸ್ಥೆಯ ಬಿರುಕು ಇರುವುದು ಲಸಿಕೆ ಹಾಕುವ ಜಿಲ್ಲೆಗಳ ಪಟ್ಟಿಯಲ್ಲಿ. ಒಂಬತ್ತು ತಿಂಗಳಿಗೆ ಒಂದು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಂದು ಡೋಸ್, ಅದೂ ಪಟ್ಟಿಯಲ್ಲಿರುವ ಜಿಲ್ಲೆಯಲ್ಲಿ ಹುಟ್ಟಿದ ಮಗುವಿಗೆ. ಪಟ್ಟಿಯಲ್ಲಿಲ್ಲದ ಜಿಲ್ಲೆಯಿಂದ ನಾಟಿ ಕೂಲಿಗೆಂದು ಹೆತ್ತವರ ಜೊತೆ ಗಂಗಾವತಿ, ಸಿಂಧನೂರಿನ ಕಡೆ ಬಂದು ಗದ್ದೆಯ ಬದಿಯ ಗುಡಿಸಿಲಿನಲ್ಲಿ ಮಲಗುವ ಮೂರು ವರ್ಷದ ಮಗುವಿನ ತಾಯಿ ಕಾರ್ಡಿನಲ್ಲಿ ಜೆಇ ಎಂಬ ಮನೆ ಖಾಲಿಯಿರುತ್ತದೆ. ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಆ ಮಗುವಿನ ಹೆಸರೂ ಇರುವುದಿಲ್ಲ. ನಾಟಿಯ ದಿನಗಳಲ್ಲಿ ಆ ಗುಡಿಸಿಲುಗಳಿಗೊಮ್ಮೆ ಹೋಗಿ ಕಾರ್ಡು ನೋಡಿ ಅಲ್ಲೇ ಡೋಸ್ ಹಾಕುವುದಕ್ಕೆ ಹೊಸ ಲಸಿಕೆಯೂ ಬೇಕಿಲ್ಲ, ಹೊಸ ಸಂಶೋಧನೆಯೂ ಬೇಕಿಲ್ಲ.